ಕೊಂಬಿನ ನಮಸ್ಕಾರ

ಕುರಿಗಾಹಿ ಮಾಳಿಂಗಪ್ಪನ ಎಳೆ ಟಗರಿನ ತಲೆಯ ಮೇಲೆ ಒಂದು ಸುತ್ತು ಬಂದಿದ್ದ ಕೊಂಬಿಗೆ ತನ್ನ ಮೇಲೆ ತನಗೇ ಬಲು ಮೆಚ್ಚುಗೆ. ಆದರೆ ತನ್ನ ಬಾಗಿಲಿಗೆ ದಿನವೂ ಬರುವ ಓಲೆಕಾರನನ್ನು ಕಂಡರೆ ಅದಕ್ಕೆ ಆಗುತ್ತಿರಲಿಲ್ಲ. ಆತ ಬರುತ್ತಿದ್ದುದು ಟಗರಿನ ಹಿಂಗಾಲುಗಳ ನಡುವೆ ಜೋತುಬಿದ್ದ ಬೀಜದ ಮನೆಯಿಂದ.

ಕೊಂಬು ತನ್ನ ಬಾಗಿಲು ಕಾಯುವವನನ್ನು ಕರೆಯಿತು. "ಕಾವಲಣ್ಣ, ಆ ಕೆಳಮನೆಯ ಆಳು ನನ್ನ ಹೊಸ್ತಿಲು ತುಳಿಯಕೂಡದು. ಕುರಿಗಳು ನೋಡುವುದು ನನ್ನನ್ನು, ಗುದ್ದಿ ಗೆಲ್ಲುವುದು ನಾನು."

"ಅವನು ಏನು ತರುತ್ತಾನೆಂದು ಕೇಳಿದ್ದೀರಾ, ಕೊಂಬಯ್ಯನವರೇ?"

"ಕೇಳುವುದೇನಿದೆ? ಅಗುಳಿ ಹಾಕು."

ಕಾವಲಣ್ಣ ಅಗುಳಿ ಹಾಕಿದ. ಮೊದಮೊದಲು ಕೊಂಬಿಗೆ ಹಾಯೆನಿಸಿತು. ಆಮೇಲೆ ನೋಡಿದರೆ ಓರಗೆಯ ಟಗರುಗಳ ಕೊಂಬುಗಳೆಲ್ಲ ಎರಡನೇ ಸುತ್ತಿಗೆ ಹೊರಳಿವೆ, ಇದು ಇದ್ದಲ್ಲೇ ಇದೆ. ಒಂದು ಬೆಳಿಗ್ಗೆ ಮಾಳಿಂಗಪ್ಪ ಅದಕ್ಕೆ ಗೇಣು ಹಾಕಿ ನೋಡಿ, "ಇದು ತಳಿಗೆಂದು ಹಿಂಡಿಗೆ ಬಿಡುವ ಟಗರಲ್ಲ. ಸಂಕ್ರಾಂತಿ ಸಂತೆಯಲ್ಲಿ ಕಟುಕರಿಗೆ ಕೊಡೋಣ," ಎಂದ.

ಕೊಂಬಿನ ಜಂಬವೆಲ್ಲ ಇಳಿಯಿತು. "ಕಾವಲಣ್ಣ, ನನಗೆ ಬೆಳೆಯಲು ಅಪ್ಪಣೆ ಕೊಡುವವರು ಯಾರಪ್ಪ?"

"ಕೆಳಮನೆಯವರೇ. ನೀವು ಹೊರಗಟ್ಟಿದ ಓಲೆಕಾರ ದಿನವೂ ತರುತ್ತಿದ್ದುದು ಅದನ್ನೇ."

"ಇಷ್ಟು ಹೊತ್ತಿನಿಂದ ಸುಮ್ಮನೆ ನಿಂತಿದ್ದೀಯಲ್ಲ, ಬಾಗಿಲು ತೆಗೆಯಬಾರದೇ?"

ಕಾವಲಣ್ಣ ನಗುತ್ತಾ ಬಾಗಿಲು ತೆಗೆದ. ಸಂಕ್ರಾಂತಿ ಬರುವಷ್ಟರಲ್ಲಿ ಕೊಂಬು ಅಂದವಾಗಿ ಹೊರಳಿತು. ಮಾಳಿಂಗಪ್ಪ ಮತ್ತೆ ಗೇಣು ಹಾಕಿದ, ಸಂತೆಯ ಮಾತು ಬಿಟ್ಟ, ಟಗರನ್ನು ಹಿಂಡಿಗೆ ಬಿಟ್ಟ.

ಅಂದಿನಿಂದ ಆ ಟಗರು ಗುದ್ದುವ ಮುಂಚೆ ತಲೆ ತಗ್ಗಿಸುತ್ತದೆ. ಎದುರಿನ ಟಗರು ಅದನ್ನು ಸಿಟ್ಟೆಂದುಕೊಳ್ಳುತ್ತದೆ. ಕೊಂಬು ಮಾತ್ರ ಕೆಳಮನೆಗೆ ಒಂದು ನಮಸ್ಕಾರ ಹಾಕುತ್ತಿರುತ್ತದೆ.