ಗೌಡರ ಹೊಲದ ಹಳೇ ಹೊಳೆ

ಲಕ್ಷಾಂತರ ವರ್ಷಗಳ ಹಿಂದೆ ಹರಿದು ಮಣ್ಣಡಿ ಹೂತುಹೋದ ಹೊಳೆಯ ಜಾಡಿನಲ್ಲಿ ಯುರೇನಿಯಂ ಹುಡುಕುವವರು ಬಂದು ನೀಲವ್ವನ ಹೊಲದಲ್ಲಿ ಬೋರು ಕೊರೆದರು. ಬದುವಿನ ಕೆಳಗಿನ ಹೊಲದ ಚನ್ನಪ್ಪಗೌಡರ ಹೊಟ್ಟೆ ಉರಿಯಿತು. ಆಕೆಯ ಹೊಲಕ್ಕೆ ಜೀಪು, ತಮ್ಮ ಹೊಲಕ್ಕೆ ಕಾಗೆಯೂ ಇಲ್ಲ! ಬೋರು ಕೊರೆಯುವವರ ಗುಮಾಸ್ತನ ಡೇರೆಗೆ ನುಗ್ಗಿದರು.

“ಆ ಹೊಳಿ ನನ್ನ ಹೊಲದಾಗೂ ಹರಿದೈತಿ. ನಕಾಶೆದಾಗ ತೋರಿಸು. ಇಲ್ಲಾಂದ್ರ ನಿಮ್ಮ ಗಾಡಿ ಊರು ದಾಟಂಗಿಲ್ಲ!”

“ತೋರಿಸೋಣ್ರಿ ಗೌಡ್ರ. ಆದ್ರ ಹೊಳಿ ಹರಿದ ಜಾಗ ಸರ್ಕಾರದ್ದು ಅಲ್ಲೇನ್ರಿ?”

ಗೌಡರು ಬೆವರಿದರು. “ನನ್ನ ಹೊಲದಾಗ ಹನಿ ನೀರೂ ಹರಿದಿಲ್ಲ! ಹೊಳಿ ಪೂರಾ ನೀಲವ್ವಂದು. ಸರ್ಕಾರಕ್ಕ ಇವತ್ತ ತಿಳಿಸು!”

“ತಿಳಿಸ್ತೀನ್ರಿ. ಆಕಿ ಬದು ದಾಟಿ ಹೊಳಿ ಯಾರ ಹೊಲಕ್ಕ ಇಳೀತು ಅಂತ ಕೇಳಿದ್ರ ಏನ್ ಹೇಳ್ಲಿ?”

ಗೌಡರು ರುಮಾಲು ಸರಿಮಾಡಿಕೊಂಡು ಹೊರಟರು. “ಪಾಪ, ಒಂಟಿ ಹೆಣ್ಮಗಳು. ಆಕಿ ಹೊಲದ ಸುದ್ದಿ ನಮಗ್ಯಾಕ ಬಿಡು!”