ಗತ್ತು ಎಲ್ಲಿರುತ್ತದೆ?

"ಕೇಳ್ರಪ್ಪೋ ಕೇಳಿ! ರಾಣಿ ವೀರಾಂಬೆಯವರ ಅಪ್ಪಣೆ. ವಿದ್ಯಾಶಾಲೆಯಲ್ಲಿ ಓದುತ್ತ ದಂಡಿನ ತಾಲೀಮು ಮುಗಿಸಿದವರು ಮೂರು ಒಗಟು ಬಿಡಿಸಬೇಕು. ಬಿಡಿಸಿದವನು ದಳಪತಿ, ತಪ್ಪಿದವನ ತಲೆ ಹೋಗುತ್ತದೆ." ಹೊನ್ನಗೋಡಿನಲ್ಲಿ ಹೀಗೆ ಡಂಗುರ ಸಾರಿದರು. ಆ ಕಾಲದಲ್ಲಿ ತಲೆ ಅಂದರೆ ಅಷ್ಟು ಅಗ್ಗ ನೋಡಿ.

ಮೊದಲು ಬಂದವನು ಪ್ರಧಾನಿಯ ಮಗ ವಸಂತರಾಯ.

"ಊರಿಗೆಲ್ಲ ತೂಕ ಹೇಳುತ್ತದೆ, ತನ್ನ ತೂಕ ತನಗೆ ಗೊತ್ತಿಲ್ಲ. ಏನದು?" ಅಂದಳು ರಾಣಿ.

"ತಕ್ಕಡಿ."

"ಸತ್ತ ಮೇಲೆ ಕೂಗಲು ಶುರುಮಾಡಿ ಬದುಕಿರುವವರನ್ನು ಕುಣಿಸುತ್ತದೆ. ಏನದು?"

"ದೆವ್ವ" ಅಂದ ಪುಣ್ಯಾತ್ಮ. ಅವನನ್ನು ಸೆರೆಮನೆಗೆ ತಳ್ಳಿದರು. ತಲೆ ತೆಗೆಯುವುದು ಸಂಜೆಗೆ.

ದೇಸಾಯರ ಮಗ ಶೂರಪ್ಪ ಎರಡನ್ನೂ ಬಿಡಿಸಿದ. ಆಗ ರಾಣಿ ತಾಲೀಮಿನ ಓಲೆಗಳನ್ನು ತೆಗೆದಳು. "ಒಬ್ಬ ಹತ್ತು ಜನರನ್ನು ತುಂಬಿದ ಹೊಳೆ ದಾಟಿಸಿ ಎಲ್ಲರನ್ನೂ ವಾಪಸು ತಂದ. ಅವನಿಗೆ ನಾಲ್ಕು ಅಂಕ, 'ಗತ್ತು ಸಾಲದು' ಎಂದು ಷರಾ. ಇಬ್ಬರನ್ನು ನೀರುಪಾಲು ಮಾಡಿ ಬಂದವನಿಗೆ ಒಂಬತ್ತು. ಈ ಗತ್ತು ಇರುವುದೆಲ್ಲಿ? ನನಗೂ ಗೊತ್ತಿಲ್ಲ, ಓದಿದಾಗಿನಿಂದ ತಲೆ ತಿನ್ನುತ್ತಿದೆ. ನನಗೆ ಒಪ್ಪಿಗೆಯಾಗುವ ಹಾಗೆ ಹೇಳು."

"ಮೀಸೆಯಲ್ಲಿ" ಅಂದ ಶೂರಪ್ಪ. ಅವನೂ ಸೆರೆಮನೆ ಸೇರಿದ.

ಆಮೇಲೆ ಬಂದವನು ಕಾಡಂಚಿನ ವಾಡೆಯ, ಅಂದರೆ ಸಿದ್ದಿಗಳ ಕೇರಿಯ, ದಿಯೋಗ ಸಿದ್ದಿ. ಕಡಲಾಚೆಯಿಂದ ಬಂದ ಹಿರಿಯರ ಕಪ್ಪು ಬಣ್ಣ, ಗುಂಗುರು ಕೂದಲು. ಆ ನಾಲ್ಕು ಅಂಕ ಅವನದೇ. ತಕ್ಕಡಿ ಅಂದ, ಆಡಿನ ಚರ್ಮದ ಡೋಲು ಅಂದ. ಮೂರನೆಯದನ್ನು ಕೇಳಿ ಸಭೆಯತ್ತ ನೋಡಿದ. ಅಂಕ ಹಾಕಿದ ದಳವಾಯಿ ಭುಜಂಗಯ್ಯ ಎದುರಿಗೇ ನಿಂತಿದ್ದ.

"ತಾಯಿ, ಹೊಳೆಯ ಓಲೆ ಬೇಡ, ಅದು ಯಾರದೆಂದು ದಳವಾಯಿಗಳಿಗೆ ಗೊತ್ತು. ಹಳೆಯವು ತರಿಸಿ. ಹೆಸರು, ಅಂಕ, ಷರಾ ಮೂರನ್ನೂ ಕತ್ತರಿಸಿ. ಕರಣಿಕರು ಬರೆದ ಕೆಲಸದ ವಿವರ ಮಾತ್ರ ಇರಲಿ. ದಳವಾಯಿಗಳು ಮತ್ತೆ ಅಂಕ ಹಾಕಲಿ."

ರಾಣಿಗೆ ಕುತೂಹಲ ತಡೆಯಲಿಲ್ಲ, ಹಾಗೇ ಮಾಡಿಸಿದಳು. ನೂರಾರು ಓಲೆಗೆ ಅಂಕ ಹಾಕಿದ ಭುಜಂಗಯ್ಯನಿಗೆ ಯಾವುದು ಯಾರದೆಂದು ನೆನಪೆಲ್ಲಿ? ಒಂದನ್ನು ಎತ್ತಿ ಹಿಡಿದ. "ಉರಿಯುವ ಲಾಯದಿಂದ ಹದಿನಾಲ್ಕು ಕುದುರೆ ಬಿಡಿಸಿದ್ದಾನೆ. ಗತ್ತು ಅಂದರೆ ಇದು. ಹತ್ತಕ್ಕೆ ಹತ್ತು."

ರಾಣಿ ಕತ್ತರಿಸಿದ ತುಂಡುಗಳನ್ನು ಜೋಡಿಸಿದಳು. ಮೇಲೆ ದಿಯೋಗ ಸಿದ್ದಿ ಎಂದಿತ್ತು. ಕೆಳಗೆ ಮೂರು ಅಂಕ, ಗತ್ತು ಸಾಲದು.

"ಅದು ನೋಡುವವರ ಕಣ್ಣಲ್ಲಿರುತ್ತೆ ತಾಯಿ" ಅಂದ ದಿಯೋಗ. "ನನ್ನ ಮುಖ ಕಂಡ ಕೂಡಲೇ ಹೊರಟುಹೋಗುತ್ತೆ."

ರಾಣಿ ದಳಪತಿಯ ಕತ್ತಿ ಕೊಟ್ಟು, "ಇನ್ನೇನು ಬೇಕು ಕೇಳಪ್ಪ" ಅಂದಳು.

"ಸೆರೆಯಲ್ಲಿರುವ ಇಬ್ಬರ ತಲೆ ಉಳಿಸಿ. ಮತ್ತೆ, 'ಗತ್ತು ಸಾಲದು' ಅಂತಲೇ ಬರೆದು ನಮ್ಮ ವಾಡೆಯ ಏಳು ಜನರನ್ನು ಮನೆಗೆ ಕಳಿಸಿದ್ದಾರೆ. ಅವರ ಓಲೆಗಳನ್ನೂ ಹೀಗೇ ಓದಿಸಿ."

ಸೆರೆಯಲ್ಲಿದ್ದ ಇಬ್ಬರನ್ನು ಬಿಟ್ಟರು, ಓಲೆಗಳನ್ನೂ ಓದಿಸಿದರು. ಏಳೂ ಜನ ಗೆದ್ದರು. ಕರೆಯಲು ಹೋದ ಸವಾರನ ಜೊತೆ ಐವರು ಬಂದರು. ಉಳಿದ ಇಬ್ಬರು ಈ ಕರೆ ಬರುವ ಮೊದಲೇ ತೀರಿಹೋಗಿದ್ದರು.