ಬಿದಿರಮೆಳೆ ಕೊಟ್ಟ ಉತ್ತರ

ಮಕ್ಕಳೇ, ಒಂದು ಗುಡ್ಡದಿಂದ ಕೆರೆಗೆ ಇಳಿಯುವ ಕಾಲುದಾರಿಯೊಂದಿತ್ತು. ಮೊದಲು ಮುಳ್ಳುಗಿಡಗಳ ಕುರುಚಲು ಕಾಡು, ಆಮೇಲೆ ಹುಲ್ಲುಗಾವಲು, ಅದನ್ನು ದಾಟಿದರೆ ಬಿದಿರಮೆಳೆ, ಅದರಾಚೆ ಕೆರೆ. ಬೇಸಿಗೆಯಲ್ಲಿ ನೀರು ಬೇಕೆಂದರೆ ಎಲ್ಲ ಪ್ರಾಣಿಗಳೂ ಇದೇ ದಾರಿ ಹಿಡಿಯಬೇಕು.

ಆ ದಾರಿಗೆ ಒಂದು ಕಟ್ಟುಪಾಡಿತ್ತು. ಒಂದು ಕಾಡು ಮುಗಿದು ಇನ್ನೊಂದು ಶುರುವಾಗುವ ಕಡೆ ನಿಂತು ಕೂಗಬೇಕು. ಒಳಗಿನ ಹಕ್ಕಿ ಉತ್ತರ ಕೊಟ್ಟರೆ ಮುಂದೆ ಹೋಗಬಹುದು. ಇಲ್ಲವಾದರೆ ಹಿಂದಿರುಗಬೇಕು. ಏಕೆಂದರೆ ಬಿದಿರಮೆಳೆಯಲ್ಲಿ ಏನೋ ಒಂದು ಓಡಾಡುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅದಕ್ಕೆ ಸ್ವಂತ ದನಿಯಿಲ್ಲ, ಕೇಳಿಸಿಕೊಂಡ ದನಿಯಲ್ಲೇ ಮಾತಾಡುತ್ತದೆ. ಅದು ಹತ್ತಿರವಿದ್ದಾಗ ಯಾವ ಹಕ್ಕಿಯೂ ಕೊಕ್ಕು ಬಿಚ್ಚುವುದಿಲ್ಲ.

ಕೆಂಚಪ್ಪ ಒಂದು ಕಾಡುಕುರಿ. ಕಾಡುಕುರಿ ಎಂದರೆ ಕುರಿಯಲ್ಲ, ನಾಯಿಯಂತೆ ಬೊಗಳುವ ಪುಟ್ಟ ಜಿಂಕೆ. ಈ ದಾರಿ ತನ್ನಷ್ಟು ಯಾರಿಗೂ ಗೊತ್ತಿಲ್ಲ ಎಂದು ಅವನಿಗೆ ಮಹಾ ಜಂಬ. ಒಂದು ಮಧ್ಯಾಹ್ನ ಅವನು ತಂಗಿ ಸಣ್ಣವ್ವನನ್ನೂ ಅವಳ ಮರಿ ಚುಕ್ಕಿಯನ್ನೂ ಕೆರೆಗೆ ಕರೆದುಕೊಂಡು ಹೊರಟ. ಮರಿ ಎರಡು ದಿನದಿಂದ ನೀರು ಕಂಡಿರಲಿಲ್ಲ.

ಹುಲ್ಲುಗಾವಲಿನ ಅಂಚಿನಲ್ಲಿ ಕೂಗಿದೊಡನೆ ಟಿಟ್ಟಿಭ ಹಕ್ಕಿ ಉತ್ತರ ಕೊಟ್ಟಿತು. ಬಿದಿರಮೆಳೆಯ ಅಂಚಿನಲ್ಲಿ ಕೆಂಚಪ್ಪ ಮೂರು ಸಲ ಕೂಗಿದ. ಅಲ್ಲಿನ ಕಾಡುಕೋಳಿ ಉತ್ತರ ಕೊಡಲಿಲ್ಲ. ಗಾಳಿಯಿರಲಿಲ್ಲ, ಆದರೂ ಒಣಬಿದಿರು ಕಿರುಗುಟ್ಟುತ್ತಿತ್ತು.

ದಾರಿಯುದ್ದಕ್ಕೂ ಜಂಬ ಕೊಚ್ಚಿಕೊಂಡು ಬಂದವನು ಹಿಂದಿರುಗೋಣ ಎಂದು ಯಾವ ಬಾಯಲ್ಲಿ ಹೇಳುತ್ತಾನೆ? ಸುತ್ತ ನೋಡಿಕೊಂಡು ಬರುತ್ತೇನೆಂದು ಪೊದೆಯ ಹಿಂದೆ ಹೋಗಿ, ಕತ್ತು ಬಿಗಿಹಿಡಿದು ಕಾಡುಕೋಳಿಯ ಹಾಗೆ ತಾನೇ ಕೂಗಿದ. ಕೊನೆಯಲ್ಲಿ ಕೆಮ್ಮು ಬಂದು ಕೂಗು ಅರ್ಧಕ್ಕೇ ಮುರಿಯಿತು.

ಆಗ ಮೆಳೆಯೊಳಗಿನಿಂದ ಅದೇ ಕೂಗು ಬಂತು, ಕೆಮ್ಮಿನ ಸಮೇತ.

ಕೆಂಚಪ್ಪ ಗಡಬಡಿಸಿ ಪೊದೆಯ ಹಿಂದಿನಿಂದ ಹೊರಬಂದ. ಅದು ತನ್ನದೇ ಕೂಗು ಎಂದು ಗೊತ್ತಿದ್ದುದು ಅವನೊಬ್ಬನಿಗೆ. ಹೇಳಿದರೆ ಮಾನ ಹೋಗುತ್ತದೆ. ಹೇಳಲೋ ಬೇಡವೋ ಎಂದು ಅವನು ಹಿಂದೆಮುಂದೆ ನೋಡುತ್ತಿರುವಾಗಲೇ, "ಕೋಳಿ ಎರಡು ಸಲ ಕೂಗ್ತು, ಮಾವ" ಎಂದು ಚುಕ್ಕಿ ಒಳಗೆ ಓಡಿಬಿಟ್ಟಿತು.

ಮೆಳೆಯೊಳಗೆ ಸದ್ದೆಲ್ಲ ನಿಂತುಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಚುಕ್ಕಿಯ ದನಿ ಕೇಳಿಸಿತು. "ಕೋಳಿ ಎರಡು ಸಲ ಕೂಗ್ತು, ಮಾವ." ಮತ್ತೆ ಅದೇ ಮಾತು, ಅದೇ ರಾಗ.

ಸಣ್ಣವ್ವ ಕಾಲು ಮುಂದಿಟ್ಟಳು. ಕೆಂಚಪ್ಪ ಅಡ್ಡ ಬಂದ.

"ಹೋಗಬೇಡ ತಂಗಿ, ಅದು ಚುಕ್ಕಿಯಲ್ಲ. ಕೋಳಿ ಕೂಗಲೇ ಇಲ್ಲ. ಮೊದಲು ಕೂಗಿದ್ದು ನಾನು."

ಸಣ್ಣವ್ವ ಅಣ್ಣನ ಮುಖವನ್ನೇ ನೋಡಿದಳು. "ಆಗ ಸುಳ್ಳು ಕೂಗಿದವನು ನೀನೇ. ಈಗ ನಿನ್ನ ಮಾತು ನಂಬಿ ಮಗೂನ ಬಿಟ್ಟು ಹೋಗಲಾ, ಅಣ್ಣ?" ಎಂದು ಕೇಳಿ, ಅವನನ್ನು ಪಕ್ಕಕ್ಕೆ ನೂಕಿ ಒಳಗೆ ಹೋದಳು.

ಕೆಂಚಪ್ಪ ಬಿಸಿಲಲ್ಲಿ ಒಬ್ಬನೇ ನಿಂತ. ಒಳಗೆ ಹೋಗಲು ಭಯ, ಹಿಂದಿರುಗಲು ನಾಚಿಕೆ. ಆಗ ಮೆಳೆಯೊಳಗಿನಿಂದ ತಂಗಿಯ ದನಿ ಕೇಳಿಸಿತು.

"ಮಗೂನ ಬಿಟ್ಟು ಹೋಗಲಾ, ಅಣ್ಣ?"

ನೀತಿ: ದಾರಿ ತೋರಿಸುವವನು ಒಮ್ಮೆ ಸುಳ್ಳಾಡಿದರೆ, ಆಮೇಲೆ ಅವನು ಹೇಳುವ ನಿಜ ಯಾರನ್ನೂ ಉಳಿಸುವುದಿಲ್ಲ.